ಮನೆಯ ಸುತ್ತಮುತ್ತಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಯಾವುದನ್ನು ಆರಿಸಬೇಕು?

ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕಾದ ವರ್ಷ ನಮ್ಮ ಮುಂದೆ ಮೂರು ಸರ್ಕಾರಿ ಶಾಲೆಗಳಿದ್ದವು. ಮುಖ್ಯರಸ್ತೆಗೆ ಅಂಟಿಕೊಂಡಿದ್ದ ದೊಡ್ಡ ಶಾಲೆಗೆ ಫಲಿತಾಂಶದಲ್ಲಿ ಸದಾ ಮುಂದೆ ಎಂಬ ಹೆಸರಿತ್ತು. ಹಿಂದಿನ ಬೀದಿಯ ಸಣ್ಣ ಶಾಲೆಯ ಗೋಡೆಗಳ ಬಣ್ಣ ಮಾಸಿತ್ತು. ಅದರ ಬಗ್ಗೆ ಯಾರೂ ಒಳ್ಳೆಯದನ್ನೂ ಹೇಳುತ್ತಿರಲಿಲ್ಲ, ಕೆಟ್ಟದ್ದನ್ನೂ ಹೇಳುತ್ತಿರಲಿಲ್ಲ. ಮೂರನೆಯದು ಬಸ್ಸಿನಲ್ಲಿ ಹೋಗಬೇಕಾದಷ್ಟು ದೂರ. ಆದರೆ ಹೊಸ ಕಟ್ಟಡ, ಕಂಪ್ಯೂಟರ್ ಕೊಠಡಿ, ವಿಶಾಲವಾದ ಅಂಗಳ. ಮೂರರಲ್ಲೂ ಶುಲ್ಕವಿಲ್ಲ, ಪಠ್ಯಪುಸ್ತಕಗಳು ಒಂದೇ, ಶಿಕ್ಷಕರನ್ನು ನೇಮಿಸುವ ಇಲಾಖೆಯೂ ಒಂದೇ. ಹಾಗಿದ್ದ ಮೇಲೆ ಯಾವುದಾದರೇನು ಎಂದು ಮನೆಯ ಹಿರಿಯರು ಕೇಳಿದರು.

ಎರಡು ತಿಂಗಳು ಓಡಾಡಿದ ಮೇಲೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಸಿದ್ಧವಾಯಿತು. ಒಂದೇ ಇಲಾಖೆಯ ಎರಡು ಶಾಲೆಗಳ ನಡುವೆ ಅಜಗಜಾಂತರ ಇರಬಹುದು. ಆ ಅಂತರ ಗೇಟಿನಲ್ಲಿ ಕಾಣುವುದಿಲ್ಲ, ಫಲಿತಾಂಶದ ಪಟ್ಟಿಯಲ್ಲೂ ಸರಿಯಾಗಿ ಕಾಣುವುದಿಲ್ಲ. ಪಾಠದಲ್ಲಿ ಹಿಂದೆ ಬಿದ್ದ ಮಗುವನ್ನು ಆ ಶಾಲೆ ಏನು ಮಾಡುತ್ತದೆ ಎಂಬುದರಲ್ಲಿ ಅದು ಎದ್ದು ಕಾಣುತ್ತದೆ. ಕೆಳಗೆ ಬರೆದಿರುವುದೆಲ್ಲ ಅದನ್ನು ಕಂಡುಹಿಡಿಯುವ ದಾರಿ.

ಮೊದಲು ಪಟ್ಟಿ ಚಿಕ್ಕದು ಮಾಡಿಕೊಳ್ಳಿ

ಶಾಲೆಯನ್ನು ಮೆಚ್ಚುವ ಮೊದಲು ಅಲ್ಲಿ ಸೀಟು ಸಿಗುತ್ತದೆಯೇ ಎಂದು ತಿಳಿದುಕೊಳ್ಳಿ. ಹಲವು ನಗರಗಳಲ್ಲಿ ಸರ್ಕಾರಿ ಶಾಲೆಗೆ ನಿಗದಿತ ವ್ಯಾಪ್ತಿ ಇರುತ್ತದೆ. ಆ ಗಡಿಯ ಒಳಗೆ ವಾಸಿಸುವವರಿಗೆ ಮೊದಲ ಆದ್ಯತೆ, ಅಣ್ಣ ಅಥವಾ ಅಕ್ಕ ಅದೇ ಶಾಲೆಯಲ್ಲಿ ಓದುತ್ತಿದ್ದರೆ ಮತ್ತೊಂದು ಆದ್ಯತೆ. ಉಳಿದ ಸೀಟುಗಳಿಗೆ ಕೆಲವೆಡೆ ಲಾಟರಿ ಎತ್ತುತ್ತಾರೆ. ಮಗುವಿಗೆ ಇಷ್ಟು ವಯಸ್ಸು ಇಂಥ ದಿನಾಂಕಕ್ಕೆ ತುಂಬಿರಬೇಕು ಎಂಬ ನಿಯಮವೂ ಇರುತ್ತದೆ. ವಾಸಸ್ಥಳದ ದಾಖಲೆ, ಜನನ ಪ್ರಮಾಣಪತ್ರ, ಲಸಿಕೆಯ ವಿವರ, ಅರ್ಜಿಯ ಕೊನೆಯ ದಿನ: ಇವನ್ನು ಒಂದು ಫೋನ್ ಕರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಬಹುದು. ಸಿಗುವ ಸಾಧ್ಯತೆಯೇ ಇಲ್ಲದ ಶಾಲೆಗೆ ಮನಸ್ಸು ಕೊಟ್ಟು ಕುಳಿತರೆ ಸಿಗುವ ಒಳ್ಳೆಯ ಶಾಲೆಯ ಅರ್ಜಿಯ ದಿನ ದಾಟಿಹೋಗುತ್ತದೆ.

ಫಲಿತಾಂಶದ ಪಟ್ಟಿಯನ್ನು ಓದುವ ಬಗೆ

ಶಾಲೆಗಳನ್ನು ಹೋಲಿಸಲು ಹೊರಟವರ ಕೈಗೆ ಮೊದಲು ಸಿಗುವುದು ಅಂಕಗಳು. ಅವನ್ನು ಪಕ್ಕಕ್ಕಿಡಿ ಎಂದು ನಾನು ಹೇಳುವುದಿಲ್ಲ, ಆದರೆ ಅವು ಯಾರ ಅಂಕಗಳು ಎಂದು ಕೇಳಿಕೊಳ್ಳಿ. 1966ರಲ್ಲಿ ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು ಲಕ್ಷಾಂತರ ವಿದ್ಯಾರ್ಥಿಗಳನ್ನು ಒಳಗೊಂಡ ದೊಡ್ಡ ಸಮೀಕ್ಷೆಯ ವರದಿ ಕೊಟ್ಟರು. ಮಕ್ಕಳ ಅಂಕಗಳಲ್ಲಿನ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಸಲಕರಣೆ, ಖರ್ಚಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣ ಎಂದು ಅದರಲ್ಲಿ ಕಂಡುಬಂತು. ಅದರ ವಿಧಾನದ ಬಗ್ಗೆ ಆಮೇಲೆ ಸಾಕಷ್ಟು ವಾದಗಳು ನಡೆದಿವೆ. ಆದರೂ ಮೂಲ ಎಚ್ಚರಿಕೆ ಹಾಗೆಯೇ ಉಳಿದಿದೆ: ಮನೆಯಲ್ಲಿ ಪುಸ್ತಕ, ಬಿಡುವಿರುವ ಅಪ್ಪ ಅಮ್ಮ, ಸಂಜೆ ಟ್ಯೂಷನ್ ಇರುವ ಮಕ್ಕಳೇ ತುಂಬಿರುವ ಶಾಲೆಯ ಅಂಕ ಏರಿಯೇ ಇರುತ್ತದೆ. ಅದರಲ್ಲಿ ಶಾಲೆಯ ಪಾಲು ಎಷ್ಟು ಎಂದು ಆ ಅಂಕಿಯೇ ಹೇಳುವುದಿಲ್ಲ.

ಸಣ್ಣ ಶಾಲೆಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಒಂದು ತರಗತಿಯಲ್ಲಿ 15 ಮಕ್ಕಳಿದ್ದು 12 ಮಂದಿ ನಿಗದಿತ ಮಟ್ಟ ಮುಟ್ಟಿದರೆ ಅದು ಶೇ 80. ಮರುವರ್ಷ 10 ಮಂದಿ ಮುಟ್ಟಿದರೆ ಶೇ 67. ಇಬ್ಬರು ಮಕ್ಕಳ ವ್ಯತ್ಯಾಸಕ್ಕೆ ಶಾಲೆ ಪಟ್ಟಿಯಲ್ಲಿ ಪಾತಾಳಕ್ಕೆ ಇಳಿದಂತೆ ಕಾಣುತ್ತದೆ. ಅದೇ 120 ಮಕ್ಕಳಿರುವ ಶಾಲೆಯಲ್ಲಿ ಇಬ್ಬರಿಂದ ಆಗುವ ಏರಿಳಿತ ಶೇ 2ನ್ನೂ ಮುಟ್ಟುವುದಿಲ್ಲ. ಆದ್ದರಿಂದಲೇ ಪಟ್ಟಿಯ ತುದಿಯಲ್ಲೂ ತಳದಲ್ಲೂ ಸಣ್ಣ ಶಾಲೆಗಳೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಒಂದು ವರ್ಷದ ಅಂಕಿಯಿಂದ ಸಣ್ಣ ಶಾಲೆಯನ್ನು ತಳ್ಳಿಹಾಕುವುದು ಅನ್ಯಾಯ. ಕನಿಷ್ಠ ಮೂರು ವರ್ಷಗಳದ್ದನ್ನು ಒಟ್ಟಿಗೆ ಇಟ್ಟು ನೋಡಿ.

ಸಿಗುವುದಾದರೆ ಬೇರೆ ಲೆಕ್ಕವೊಂದನ್ನು ಕೇಳಿ. ಎರಡನೇ ತರಗತಿಯಲ್ಲಿದ್ದ ಅದೇ ಮಕ್ಕಳು ನಾಲ್ಕನೆಯದಕ್ಕೆ ಬರುವಾಗ ಎಷ್ಟು ಮುಂದೆ ಬಂದರು? ಕೆಳಗಿನಿಂದ ಹೊರಟು ನಡುವಿಗೆ ಬಂದ ಶಾಲೆ, ಮೇಲೆಯೇ ಹೊರಟು ಮೇಲೆಯೇ ನಿಂತ ಶಾಲೆಗಿಂತ ಹೆಚ್ಚು ಕೆಲಸ ಮಾಡಿದೆ. ನಮ್ಮ ಮೂರರಲ್ಲಿ ಈ ಪ್ರಶ್ನೆಗೆ ದಾಖಲೆ ತೆರೆದು ಉತ್ತರ ಕೊಟ್ಟದ್ದು ಮಾಸಿದ ಗೋಡೆಯ ಶಾಲೆಯೊಂದೇ. ಮುಖ್ಯ ಶಿಕ್ಷಕಿ ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ಅದರಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಯಾವ ತಿಂಗಳು ಅಕ್ಷರ ಗುರುತಿಸಿತು, ಯಾವ ತಿಂಗಳು ವಾಕ್ಯ ಓದಿತು ಎಂದು ಪೆನ್ಸಿಲ್‌ನಲ್ಲಿ ಬರೆದಿತ್ತು. ಹೆಸರುಗಳ ಮೇಲೆ ಅಂಗೈ ಮುಚ್ಚಿಯೇ ಅವರು ನನಗೆ ತೋರಿಸಿದರು.

ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ

ಇಡೀ ಹೋಲಿಕೆಯಲ್ಲಿ ಒಂದೇ ಒಂದು ಕೆಲಸಕ್ಕೆ ಸಮಯವಿದ್ದರೆ ಇದನ್ನು ಮಾಡಿ. ಶಾಲೆಯ ಪ್ರದರ್ಶನದ ದಿನ ಹೋಗಬೇಡಿ. ಅನುಮತಿ ಪಡೆದು ಸಾಮಾನ್ಯ ದಿನವೊಂದರಲ್ಲಿ ಒಂದನೇ ಅಥವಾ ಎರಡನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಒಳಗೆ ಬಿಡಲು ಒಪ್ಪದ ಶಾಲೆ ಇದ್ದರೆ ಕಾರಣ ಕೇಳಿ; ಮಕ್ಕಳ ಸುರಕ್ಷತೆಯ ನಿಯಮ ಎಂದರೆ ಅದು ನ್ಯಾಯವಾದ ಕಾರಣವೇ. ಆಗ ಶಾಲೆಯವರ ಜೊತೆಯಲ್ಲೇ ಕಾರಿಡಾರಿನಲ್ಲಿ ನಡೆದು ನೋಡುವ ಅವಕಾಶ ಕೇಳಬಹುದು.

ನಾನು ಎರಡು ಶಾಲೆಗಳಲ್ಲಿ ಕುಳಿತೆ. ಎರಡರಲ್ಲೂ ಕಾಕತಾಳೀಯವಾಗಿ ಕಳೆಯುವ ಲೆಕ್ಕವೇ ನಡೆಯುತ್ತಿತ್ತು. ಹೆಸರುವಾಸಿ ಶಾಲೆಯಲ್ಲಿ ಶಿಕ್ಷಕರು ಹಲಗೆಯ ಮೇಲೆ ಲೆಕ್ಕ ಬರೆದು ಕೇಳುತ್ತಿದ್ದರು. ಮುಂದಿನ ಎರಡು ಸಾಲಿನ ಮಕ್ಕಳು ಪಟಪಟನೆ ಉತ್ತರಿಸುತ್ತಿದ್ದರು. ತಪ್ಪು ಹೇಳಿದ ಹುಡುಗಿಗೆ ‘ತಪ್ಪು, ಕುಳಿತುಕೋ’ ಎಂದಷ್ಟೇ ಹೇಳಿ ಪ್ರಶ್ನೆ ಪಕ್ಕದವನಿಗೆ ಹೋಯಿತು. ಆ ಹುಡುಗಿ ಉಳಿದ ಅರ್ಧ ಗಂಟೆ ಕೈ ಎತ್ತಲಿಲ್ಲ. ಹಿಂದಿನ ಸಾಲಿನವರು ಹಲಗೆಯಲ್ಲಿದ್ದುದನ್ನು ಅಂದವಾಗಿ ನಕಲು ಮಾಡಿಕೊಂಡರು.

ಸಣ್ಣ ಶಾಲೆಯಲ್ಲಿ ಹಲಗೆಯ ಮೇಲಿದ್ದದ್ದು 42ರಲ್ಲಿ 17 ಕಳೆಯುವ ಲೆಕ್ಕ. ಹುಡುಗನೊಬ್ಬ 35 ಎಂದ. ಶಿಕ್ಷಕಿ ತಪ್ಪು ಎನ್ನಲಿಲ್ಲ, ಸರಿ ಎಂದೂ ಹೇಳಲಿಲ್ಲ. ‘ಹೇಗೆ ಬಂತು ಹೇಳು ನೋಡೋಣ’ ಎಂದರು. ಅವನು ಎದ್ದು ಹೋಗಿ ತೋರಿಸಿದ: ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದ. ಯಾವ ಸಾಲಿನಿಂದ ಯಾವುದನ್ನು ಕಳೆಯಬೇಕು ಎಂಬುದು ಅವನಿಗೆ ಹೊಳೆದಿರಲಿಲ್ಲ. ಶಿಕ್ಷಕಿ ಹತ್ತತ್ತು ಕಡ್ಡಿಗಳ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದಿಟ್ಟು ‘ನನಗೆ ಏಳು ಬಿಡಿ ಕಡ್ಡಿ ಕೊಡು’ ಎಂದರು. ಅವನು ಎರಡು ಕೊಟ್ಟು ನಿಂತ. ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಯಾರೂ ಹೇಳದೆ ಒಂದು ಕಟ್ಟಿನ ರಬ್ಬರ್ ಬಿಚ್ಚಿದ. ಉಳಿದ ಮಕ್ಕಳೆಲ್ಲ ಕತ್ತು ನೀಡಿ ನೋಡುತ್ತಿದ್ದರು. 25 ಎಂಬ ಉತ್ತರ ಬರುವಾಗ ಅವನ ಮುಖದಲ್ಲಿ ಇದ್ದ ಬೆಳಕನ್ನು ನಾನು ಇವತ್ತಿಗೂ ಮರೆತಿಲ್ಲ.

ಆ ಲೆಕ್ಕಕ್ಕೆ ಏಳೆಂಟು ನಿಮಿಷ ಹಿಡಿಯಿತು. ಪಾಠ ನಿಧಾನವಾಗುತ್ತದೆ ಎಂದು ದೂರುವವರಿದ್ದಾರೆ, ನನಗೆ ಗೊತ್ತು. ಆದರೆ ತಪ್ಪು ಹೇಳಿದರೆ ಅವಮಾನವಾಗುವ ಕೋಣೆಯಲ್ಲಿ ಮಕ್ಕಳು ಮೊದಲು ಕಲಿಯುವುದು ಬಾಯಿ ಮುಚ್ಚಿಕೊಂಡಿರುವುದನ್ನು. ಆರು ವರ್ಷದ ಮಗುವಿಗೆ ಆ ಅಭ್ಯಾಸವಾದರೆ ಬಿಡಿಸುವುದು ಬಹಳ ಕಷ್ಟ.

ಬೆಂಚಿನಲ್ಲಿ ಕುಳಿತಾಗ ನೋಡಬೇಕಾದದ್ದು ಇನ್ನೂ ಇದೆ. ಮಾತಾಡುತ್ತಿರುವವರು ಯಾರು, ಬರೀ ಶಿಕ್ಷಕರೇ ಅಥವಾ ಮಕ್ಕಳೂ? ಪ್ರಶ್ನೆ ಹಿಂದಿನ ಸಾಲಿಗೂ ಬರುತ್ತದೆಯೇ? ಎಲ್ಲರೂ ಕೂಡಿ ರಾಗವಾಗಿ ಹೇಳುವ ಪಾಠವನ್ನು ಒಂದು ಮಗು ಒಂಟಿಯಾಗಿ ಓದಬಲ್ಲದೇ? ಕಂಠಪಾಠದ ಕೂಗಿನಲ್ಲಿ ಓದಲು ಬಾರದ ಮಗು ಸುಲಭವಾಗಿ ಅಡಗಿಕೊಳ್ಳುತ್ತದೆ. ಓದು ಕಲಿಸುವ ಬಗೆಯನ್ನು ಕುರಿತು ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಕೊಟ್ಟ ವರದಿ ಐದು ಅಂಶಗಳನ್ನು ಎತ್ತಿ ಹೇಳಿತ್ತು: ಮಾತಿನ ಧ್ವನಿಗಳನ್ನು ಬಿಡಿಸಿ ಕೇಳುವುದು, ಅಕ್ಷರಕ್ಕೂ ಧ್ವನಿಗೂ ಇರುವ ನಂಟು, ಸರಾಗವಾದ ಓದು, ಶಬ್ದ ಸಂಪತ್ತು, ಅರ್ಥಗ್ರಹಣ. ‘ಓದುವುದನ್ನು ಹೇಗೆ ಕಲಿಸುತ್ತೀರಿ’ ಎಂದು ಶಿಕ್ಷಕರನ್ನು ಕೇಳಿದಾಗ ಈ ಐದಕ್ಕೂ ಯಾವುದೋ ಒಂದು ರೀತಿಯಲ್ಲಿ ಜಾಗ ಇರುವ ಉತ್ತರ ಬರಬೇಕು. ‘ಪುಸ್ತಕದಲ್ಲಿ ಇದ್ದ ಹಾಗೆ’ ಎಂಬ ಉತ್ತರ ಬಂದರೆ ಇನ್ನಷ್ಟು ಕೆದಕಿ.

ಮಕ್ಕಳ ನೋಟ್‌ಬುಕ್‌ಗಳನ್ನು ತಿರುವಿ ಹಾಕಲು ಬಿಟ್ಟರೆ ಖಂಡಿತ ಬಿಡಬೇಡಿ. ಮೂವತ್ತು ಪುಸ್ತಕಗಳಲ್ಲೂ ಅದೇ ವಾಕ್ಯಗಳು ಮುತ್ತಿನಂತೆ ಜೋಡಿಸಿದ್ದರೆ ಅದು ನಕಲು. ವಕ್ರ ಅಕ್ಷರಗಳಲ್ಲಿ ‘ನಮ್ಮ ಬೆಕ್ಕು ಮೇಜಿನ ಕೆಳಗೆ ಮರಿ ಹಾಕಿತು’ ಎಂದು ಒಂದು ಮಗು ಬರೆದಿದ್ದರೆ ಅಲ್ಲಿ ಬರವಣಿಗೆ ಕಲಿಸುತ್ತಿದ್ದಾರೆ. ಅದರ ಕೆಳಗೆ ಶಿಕ್ಷಕರು ಏನು ಬರೆದಿದ್ದಾರೆ ನೋಡಿ. ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಪಡೆದ ಮಕ್ಕಳ ಆಸಕ್ತಿಯೂ ಕೆಲಸವೂ ಚೆನ್ನಾಗಿದ್ದವು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಕೊಟ್ಟಾಗ ಆ ಲಾಭ ಉಳಿಯಲಿಲ್ಲ. ಕೆಂಪು ಶಾಯಿಯ ದೊಡ್ಡ ಗೀಟಿಗಿಂತ ‘ಮರಿಗಳು ಎಷ್ಟು? ಅದನ್ನೂ ಬರೆ’ ಎಂಬ ಒಂದು ಸಾಲು ಮಗುವನ್ನು ಮತ್ತೆ ಪೆನ್ಸಿಲ್ ಹಿಡಿಯುವಂತೆ ಮಾಡುತ್ತದೆ.

ತರಗತಿಯ ಗಾತ್ರ

ಶಾಲೆಯಲ್ಲಿ ಒಟ್ಟು ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಎಂಬ ಸರಾಸರಿಯನ್ನು ನೆಚ್ಚಿಕೊಳ್ಳಬೇಡಿ. ನಿಮ್ಮ ಮಗು ಕುಳಿತುಕೊಳ್ಳುವ ಕೋಣೆಯಲ್ಲಿ ಎಷ್ಟು ಮಂದಿ ಎಂದು ಕೇಳಿ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 1985ರಿಂದ 1989ರವರೆಗೆ ಸ್ಟಾರ್ ಎಂಬ ಹೆಸರಿನ ದೊಡ್ಡ ಪ್ರಯೋಗ ನಡೆಯಿತು. ಚೀಟಿ ಎತ್ತಿದ ಹಾಗೆ ಮಕ್ಕಳನ್ನು 13ರಿಂದ 17 ಮಂದಿಯ ಸಣ್ಣ ತರಗತಿಗೂ 22ರಿಂದ 25 ಮಂದಿಯ ಮಾಮೂಲಿ ತರಗತಿಗೂ ಹಂಚಿದರು. ಶಿಶುವಿಹಾರದಿಂದ ಮೂರನೇ ತರಗತಿಯವರೆಗೆ ನೋಡಿದಾಗ ಸಣ್ಣ ತರಗತಿಯವರು ಓದಿನಲ್ಲೂ ಗಣಿತದಲ್ಲೂ ಮುಂದಿದ್ದರು. ಹೆಚ್ಚಿನ ಲಾಭ ಪಡೆದವರು ಬಡ ಮನೆಗಳ ಮಕ್ಕಳು ಮತ್ತು ಕಪ್ಪು ಜನಾಂಗದ ಮಕ್ಕಳು. ಮಾಮೂಲಿ ತರಗತಿಗೆ ಒಬ್ಬ ಸಹಾಯಕರನ್ನು ಸೇರಿಸಿದ್ದರಿಂದ ಅಂಥ ಲಾಭವೇನೂ ಕಾಣಲಿಲ್ಲ.

ಇದರಿಂದ 24 ಮಕ್ಕಳ ಕೋಣೆಗಿಂತ 22ರ ಕೋಣೆ ಮೇಲು ಎಂದು ತೀರ್ಮಾನಿಸಬೇಡಿ. ಅಷ್ಟು ಸಣ್ಣ ವ್ಯತ್ಯಾಸ ಶಿಕ್ಷಕರ ಗುಣದ ಮುಂದೆ ಏನೇನೂ ಅಲ್ಲ. ಆದರೆ ಒಂದು ಕಡೆ 18, ಇನ್ನೊಂದು ಕಡೆ 40 ಇದ್ದರೆ, ಅದೂ ಮೊದಲ ಮೂರು ವರ್ಷಗಳಲ್ಲಿ, ಅದಕ್ಕೆ ತೂಕ ಕೊಡಲೇಬೇಕು. ನಲವತ್ತು ಮಕ್ಕಳ ಕೋಣೆಯಲ್ಲಿ ಕಡ್ಡಿಯ ಕಟ್ಟು ಬಿಚ್ಚುವವರೆಗೆ ಕಾಯುವುದು ಎಂಥ ಒಳ್ಳೆಯ ಶಿಕ್ಷಕರಿಗೂ ಕಷ್ಟ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುವ ಸಣ್ಣ ಶಾಲೆಗಳೂ ಇರುತ್ತವೆ. ಅದು ತನ್ನಿಂತಾನೇ ಕೆಟ್ಟದ್ದಲ್ಲ. ಶಿಕ್ಷಕರು ಅದಕ್ಕೆಂದೇ ಪಾಠ ಯೋಜಿಸಿದ್ದಾರೆಯೇ ಅಥವಾ ಒಂದು ತರಗತಿಗೆ ಪಾಠ ಮಾಡುವಾಗ ಇನ್ನೊಂದು ಕೈಕಟ್ಟಿ ಕೂರುತ್ತದೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಸದ್ದು, ದೂರ, ಅಂಗಳ

ಸದ್ದಿನ ವಿಷಯವನ್ನು ನಾನು ಮೊದಲು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಲ್ಲಿ, ಎತ್ತರಿಸಿದ ರೈಲು ಹಳಿಯ ಪಕ್ಕದಲ್ಲಿದ್ದ 98ನೇ ಸಂಖ್ಯೆಯ ಸಾರ್ವಜನಿಕ ಶಾಲೆಯ ಕಥೆ ತಿಳಿದ ಮೇಲೆ ಕಣ್ಣು ತೆರೆಯಿತು. ಮನೋವಿಜ್ಞಾನಿ ಆರ್ಲೀನ್ ಬ್ರಾನ್ಜಾಫ್ಟ್ 1975ರಲ್ಲಿ ಅದೇ ಕಟ್ಟಡದ ಎರಡು ಬದಿಯ ಮಕ್ಕಳನ್ನು ಹೋಲಿಸಿದರು. ಹಳಿಯ ಕಡೆಯ ಕೋಣೆಗಳ ಮಕ್ಕಳು ಓದಿನಲ್ಲಿ ಹಿಂದಿದ್ದರು. ಆರನೇ ತರಗತಿಯ ಹೊತ್ತಿಗೆ ಆ ಅಂತರ ಸುಮಾರು ಒಂದು ವರ್ಷದಷ್ಟಾಗಿತ್ತು. ಆಮೇಲೆ ಹಳಿಗೆ ರಬ್ಬರ್ ಪದರ ಹಾಕಿದರು, ಕೋಣೆಗಳಿಗೆ ಸದ್ದು ಹೀರುವ ಚಾವಣಿ ಬಂತು. ಮತ್ತೆ ಅಳೆದಾಗ ಎರಡೂ ಬದಿಯ ಮಕ್ಕಳು ಸಮವಾಗಿದ್ದರು. ಒಂದೇ ಶಾಲೆ, ಒಂದೇ ಪಾಠ, ಕಿಟಕಿ ಮಾತ್ರ ಬೇರೆ.

ತರಗತಿಯ ಒಳಗಿನ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ನೀವು ಯಂತ್ರ ಹಿಡಿದು ಹೋಗಬೇಕಿಲ್ಲ. ಕೊನೆಯ ಬೆಂಚಿನಲ್ಲಿ ಕುಳಿತು, ಹೊರಗೆ ಲಾರಿ ಹೋಗುವಾಗ ಶಿಕ್ಷಕರ ವಾಕ್ಯದ ಕೊನೆ ಕೇಳಿಸುತ್ತದೆಯೇ ಗಮನಿಸಿ. ಮುಖ್ಯರಸ್ತೆಯ ಶಾಲೆಯಲ್ಲಿ ನನಗೆ ಕೇಳಿಸಲಿಲ್ಲ. ಅಲ್ಲಿನ ಶಿಕ್ಷಕರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು, ಪಾಪ.

ದೂರದ ಮಾತು ಬಂದರೆ ನನ್ನ ಅಭಿಪ್ರಾಯ ಖಚಿತ: ಉಳಿದದ್ದೆಲ್ಲ ಹೆಚ್ಚು ಕಡಿಮೆ ಒಂದೇ ಆಗಿದ್ದರೆ ನಡೆದು ಹೋಗುವ ಶಾಲೆಯೇ ಮೇಲು. ನಡೆಯುವ ಮಗುವಿಗೆ ಸಹಪಾಠಿಗಳ ಮನೆಗಳೂ ನಡೆದು ಹೋಗುವಷ್ಟು ಹತ್ತಿರ. ಸಂಜೆಯ ಆಟಕ್ಕೆ ಜೊತೆ ಸಿಗುತ್ತದೆ, ಅಪ್ಪ ಅಮ್ಮನಿಗೆ ಶಿಕ್ಷಕರ ಮುಖಪರಿಚಯ ತಾನಾಗಿ ಆಗುತ್ತದೆ, ಜ್ವರ ಬಂದರೆ ಐದು ನಿಮಿಷದಲ್ಲಿ ಹೋಗಿ ಕರೆದುಕೊಂಡು ಬರಬಹುದು. ಆದರೆ ನಕ್ಷೆಯಲ್ಲಿ ಹತ್ತಿರ ಕಂಡ ಮಾತ್ರಕ್ಕೆ ನಡೆಯುವ ದಾರಿ ಆಗುವುದಿಲ್ಲ. ಶಾಲೆ ಬಿಡುವ ಹೊತ್ತಿಗೆ ಮಗುವಿನ ಕೈ ಹಿಡಿದು ಒಮ್ಮೆ ನಡೆಯಿರಿ. ಎಲ್ಲಿ ರಸ್ತೆ ದಾಟಬೇಕು, ಅಲ್ಲಿ ವಾಹನಗಳು ನಿಲ್ಲುತ್ತವೆಯೇ, ಪಾದಚಾರಿ ದಾರಿ ಮಧ್ಯದಲ್ಲೇ ಕೈಕೊಡುತ್ತದೆಯೇ ನೋಡಿ.

ಶೌಚಾಲಯಕ್ಕೆ ಹೋಗಿ ನೋಡದೆ ಬರಬೇಡಿ. ಅತಿಥಿಗಳಿಗೆ ತೋರಿಸುವುದನ್ನು ಬಿಟ್ಟು ಮಕ್ಕಳು ಬಳಸುವುದಕ್ಕೇ ಹೋಗಿ: ನೀರು, ಒಳಗಿನ ಚಿಲಕ, ಸೋಪು. ಕೊಳಕಾದ ಶೌಚಾಲಯಕ್ಕೆ ಹೆದರಿ ಬೆಳಗ್ಗಿನಿಂದ ನೀರೇ ಕುಡಿಯದೆ ಕೂರುವ ಮಕ್ಕಳಿದ್ದಾರೆ.

ಆಟದ ವಿಷಯ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೂರದ ಶಾಲೆಯ ವಿಶಾಲ ಅಂಗಳ ನೋಡಿ ನಾನು ಮರುಳಾಗಿದ್ದೆ. ವೇಳಾಪಟ್ಟಿ ಕೇಳಿದಾಗ ವಾರಕ್ಕೆ ಎರಡೇ ಅವಧಿ, ಅದೂ ಪಾಠ ಬಾಕಿ ಇದ್ದರೆ ರದ್ದು ಎಂದು ತಿಳಿಯಿತು. ಗ್ರಂಥಾಲಯಕ್ಕೂ ಇದೇ ಅಳತೆ. ಪುಸ್ತಕಗಳ ಸಂಖ್ಯೆ ಕೇಳುವ ಬದಲು ಕಪಾಟಿನ ಬೀಗದ ಕೈ ಯಾರ ಬಳಿ ಇದೆ, ಮಗು ಪುಸ್ತಕವನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿ. ಮೂಲೆ ಹರಿದು ಅಂಟು ಹಚ್ಚಿದ ಪುಸ್ತಕಗಳಿದ್ದರೆ ಸಂತೋಷಪಡಿ. ಅವನ್ನು ಯಾರೋ ಓದಿದ್ದಾರೆ.

ಮುಖ್ಯ ಶಿಕ್ಷಕರ ಎದುರು ಕುಳಿತಾಗ

ಹತ್ತು ಪ್ರಶ್ನೆಗಳ ಪಟ್ಟಿ ಬೇಡ. ‘ಎರಡನೇ ತರಗತಿಯ ಮಧ್ಯಭಾಗಕ್ಕೆ ಬಂದರೂ ಓದಲು ಬಾರದ ಮಗುವಿಗೆ ಇಲ್ಲಿ ಏನು ಮಾಡುತ್ತೀರಿ?’ ಎಂದು ಕೇಳಿ ಸುಮ್ಮನಾಗಿ. ‘ನಮ್ಮಲ್ಲಿ ಅಂಥ ಮಕ್ಕಳಿಲ್ಲ’ ಎಂಬ ಉತ್ತರ ಬಂದರೆ ಅಂಥ ಮಕ್ಕಳನ್ನು ಅವರು ಗುರುತಿಸುತ್ತಿಲ್ಲ ಎಂದೇ ಅರ್ಥ. ‘ಮನೆಯಲ್ಲಿ ಓದಿಸಿ ಎಂದು ಪೋಷಕರಿಗೆ ಹೇಳುತ್ತೇವೆ’ ಎಂಬುದು ಅರ್ಧ ಉತ್ತರ. ವಾರಕ್ಕೆ ಎಷ್ಟು ದಿನ, ಯಾರು, ಯಾವ ಹೊತ್ತಿನಲ್ಲಿ ಆ ಮಗುವಿನ ಪಕ್ಕ ಕೂರುತ್ತಾರೆ, ಮುಂದೆ ಬಂತೋ ಇಲ್ಲವೋ ಹೇಗೆ ತಿಳಿಯುತ್ತಾರೆ ಎಂದು ಹೇಳಬಲ್ಲ ಶಾಲೆ ಸಿಕ್ಕರೆ ಗಟ್ಟಿಯಾಗಿ ಹಿಡಿದುಕೊಳ್ಳಿ.

ಜೊತೆಗೆ ಕೇಳಬೇಕಾದದ್ದು ಎರಡು. ಕಳೆದ ಮೂರು ವರ್ಷಗಳಲ್ಲಿ ಎಷ್ಟು ಶಿಕ್ಷಕರು ಬಂದು ಹೋದರು? ವರ್ಷದ ನಡುವೆ ಶಿಕ್ಷಕರು ಬದಲಾದರೆ ಕಷ್ಟಪಡುವವರು ಪುಟ್ಟ ಮಕ್ಕಳೇ. ಇನ್ನು, ಮಕ್ಕಳ ಹಾಜರಾತಿ ಹೇಗಿದೆ? ಶಾಲೆಯ ದಿನಗಳಲ್ಲಿ ಹತ್ತರಲ್ಲೊಂದು ಪಾಲು ತಪ್ಪಿಸಿಕೊಳ್ಳುವ ಮಗುವಿನ ಮನೆಗೆ ಫೋನ್ ಮಾಡಿ ವಿಚಾರಿಸುವ ಶಾಲೆಗೂ ರಿಜಿಸ್ಟರಿನಲ್ಲಿ ಗುರುತು ಹಾಕಿ ಸುಮ್ಮನಾಗುವ ಶಾಲೆಗೂ ಬಹಳ ವ್ಯತ್ಯಾಸವಿದೆ.

ಬೋಧನಾ ಭಾಷೆಯಲ್ಲಿ ಆಯ್ಕೆ ಇದ್ದರೆ ಮಗು ಮನೆಯಲ್ಲಿ ಆಡುವ ಮಾತಿಗೆ ತೂಕ ಕೊಡಿ. ಮಗುವಿಗೆ ಕಲಿಸಲು ಅತ್ಯುತ್ತಮ ಮಾಧ್ಯಮ ಮಾತೃಭಾಷೆ ಎಂದು ಯುನೆಸ್ಕೋದ 1953ರ ವರದಿ ಹೇಳಿತ್ತು. ಪ್ರಶ್ನೆಯೇ ಅರ್ಥವಾಗದ ಮಗುವನ್ನು ‘ಹೇಗೆ ಬಂತು ಹೇಳು’ ಎಂದು ಕೇಳಿ ಫಲವಿಲ್ಲ. ಎರಡನೇ ಭಾಷೆಯನ್ನು ಅಲ್ಲಿ ಒಂದು ವಿಷಯವಾಗಿ ಚೆನ್ನಾಗಿ ಕಲಿಸುತ್ತಾರೆಯೇ ಎಂದು ಬೇರೆಯಾಗಿ ಕೇಳಿ.

ತೂಗುವಾಗ

ನಾವು ಹಿಂದಿನ ಬೀದಿಯ ಶಾಲೆಗೆ ಸೇರಿಸಿದೆವು. ಅಲ್ಲಿ ಕಂಪ್ಯೂಟರ್ ಕೊಠಡಿ ಇಲ್ಲ, ಅಂಗಳ ಚಿಕ್ಕದು, ಗ್ರಂಥಾಲಯ ಎಂದರೆ ಒಂದೇ ಕಪಾಟು. ಅವು ಕೊರತೆಗಳೇ. ಪುಸ್ತಕದ ಕೊರತೆಯನ್ನು ನಗರದ ಸಾರ್ವಜನಿಕ ಗ್ರಂಥಾಲಯದಿಂದ ತುಂಬಿಕೊಂಡೆವು, ಓಟದ ಕೊರತೆಯನ್ನು ಉದ್ಯಾನದಿಂದ. ತಪ್ಪು ಹೇಳಿದಾಗ ಕಾಯುವ ಶಿಕ್ಷಕಿಯನ್ನು ಮಾತ್ರ ನಾವು ಹೊರಗಿನಿಂದ ತರಲು ಆಗುತ್ತಿರಲಿಲ್ಲ.

ನಿಮ್ಮ ತಕ್ಕಡಿ ಬೇರೆ ಇರಬಹುದು. ಶ್ರವಣ ದೋಷವೋ, ಕಲಿಕೆಯ ತೊಂದರೆಯೋ ಇರುವ ಮಗುವಾದರೆ ಅದಕ್ಕೆ ತರಬೇತಿ ಪಡೆದ ಶಿಕ್ಷಕರು ಇರುವ ಶಾಲೆಯೇ ಮೊದಲು, ಅದು ದೂರವಿದ್ದರೂ ಸರಿ. ಆ ಶಿಕ್ಷಕರು ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂದು ಮಾತ್ರ ಬರಹದಲ್ಲಿ ಪಡೆಯಿರಿ. ಸಂಜೆಯವರೆಗೆ ಮನೆಯಲ್ಲಿ ಯಾರೂ ಇರದ ಕುಟುಂಬಕ್ಕೆ ಶಾಲೆ ಮುಗಿದ ಮೇಲೂ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ದೊಡ್ಡ ವಿಷಯ. ಅದನ್ನು ಆರಿಸಿದ್ದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಇಬ್ಬರು ಮಕ್ಕಳಿದ್ದರೆ ಇಬ್ಬರೂ ಒಂದೇ ಗೇಟಿನಲ್ಲಿ ಹೋಗುವುದೂ ಸಣ್ಣ ಲಾಭವಲ್ಲ.

ಎರಡು ಶಾಲೆಗಳು ಕೊನೆಯವರೆಗೂ ಸಮವಾಗಿ ನಿಂತರೆ ಮಗುವನ್ನು ಎರಡಕ್ಕೂ ಕರೆದುಕೊಂಡು ಹೋಗಿ. ಯಾವುದು ಇಷ್ಟ ಎಂದು ಕೇಳಬೇಡಿ. ಮಕ್ಕಳು ಜಾರುಬಂಡೆ ಇರುವುದನ್ನೇ ಹೇಳುತ್ತಾರೆ. ಅಲ್ಲಿನ ಶಿಕ್ಷಕರು ಮಗುವಿನ ಜೊತೆ ಮಾತಾಡುವಾಗ ಮಂಡಿಯೂರಿ ಅದರ ಕಣ್ಣಿನ ಎತ್ತರಕ್ಕೆ ಇಳಿಯುತ್ತಾರೆಯೇ, ಅದರ ಉತ್ತರ ಮುಗಿಯುವವರೆಗೆ ಕಾಯುತ್ತಾರೆಯೇ ನೋಡಿ. ಸೇರಿಸಿದ ಮೇಲೆ ಮೊದಲ ಮೂರು ತಿಂಗಳು ಸಂಜೆ ‘ಇವತ್ತು ಏನು ಕಲಿತೆ’ ಎಂದು ಕೇಳಿದರೆ ‘ಏನಿಲ್ಲ’ ಎಂಬ ಉತ್ತರವೇ ಬರುತ್ತದೆ. ನಾನು ‘ಇವತ್ತು ಯಾರಿಗೆ ಉತ್ತರ ಬರಲಿಲ್ಲ, ಆಗ ಟೀಚರ್ ಏನು ಮಾಡಿದರು’ ಎಂದು ಕೇಳುತ್ತಿದ್ದೆ. ಎರಡನೇ ವಾರದಲ್ಲಿ ಮಗಳು ಚೀಲ ಇಳಿಸುತ್ತಾ, ‘ನನಗೇ ಬರಲಿಲ್ಲ. ಟೀಚರ್ ಕಡ್ಡಿ ಕೊಟ್ಟರು’ ಎಂದಳು.